ಲೆಕ್ಕ ಒಪ್ಪಿಸಿದ ದಿವಾನರು

ನಾನು ಮೈಸೂರಿನವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಚೆನ್ನೈನಲ್ಲಿ ಬಿ.ಕಾಂ. ಊರಲ್ಲಿ ದೊಡ್ಡ ಗಡಿಯಾರದ ಹತ್ತಿರದ ಪುರಭವನದ ಮುಂದೆ ಎಷ್ಟು ಸಲ ಓಡಾಡಿದೀನೋ ಲೆಕ್ಕವಿಲ್ಲ. ಅದು ದಿವಾನ್ ರಂಗಾಚಾರ್ಲು ಅವರ ಸ್ಮಾರಕ ಎಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ, 1883ರ ಜನವರಿ 20ರಂದು. ಆಗ ಇದು ಮದರಾಸು.

ರಂಗಾಚಾರ್ಲು ನಮ್ಮ ಕಡೆಯವರಲ್ಲ. 1831ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಹುಟ್ಟಿದವರು. ಬ್ರಿಟಿಷರು ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡದ್ದೂ ಅದೇ ವರ್ಷ. ಮದರಾಸು ಸರ್ಕಾರದಲ್ಲಿ ಗುಮಾಸ್ತರಾಗಿ ಸೇರಿ, ಇನಾಂ ಜಮೀನುಗಳ ಲೆಕ್ಕ ನೋಡಿ ಹೆಸರು ಮಾಡಿದರು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದಾಗ ಅರಮನೆಯ ವ್ಯವಹಾರ ಸರಿಪಡಿಸಲು ಮೈಸೂರಿಗೆ ಬಂದರು.

1881ರ ಮಾರ್ಚಿನಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಮಹಾರಾಜರಿಗೆ ಹದಿನೆಂಟು ವರ್ಷ. ದಿವಾನರಾದವರು ರಂಗಾಚಾರ್ಲು. ಆದರೆ ಅವರ ಕೈಗೆ ಬಂದದ್ದು ಎಂಥ ರಾಜ್ಯ! 1876-78ರ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಬರದ ಬಾಬ್ತು ಸಾಲವೇ 80 ಲಕ್ಷ ರೂಪಾಯಿ. ದಿವಾನರು ಖರ್ಚು ಇಳಿಸಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ಬೇರೆಯವಕ್ಕೆ ಸೇರಿಸಿಬಿಟ್ಟರು. ಆ ಊರಿನವರಿಗೆ ಸಿಟ್ಟು ಬರದೆ ಇದ್ದೀತೇ? ಹಾಗಂತ ಬರೀ ಜಿಪುಣತನವಲ್ಲ. ಬೆಂಗಳೂರು–ಮೈಸೂರು ರೈಲು ದಾರಿ 1882ರಲ್ಲಿ ಪೂರ್ತಿಯಾದದ್ದು ಅವರ ಕಾಲದಲ್ಲೇ.

ನನ್ನ ಮನಸ್ಸಿಗೆ ಹಿಡಿಸಿದ್ದು ಇದಾವುದೂ ಅಲ್ಲ. 1881ರ ಅಕ್ಟೋಬರ್ 7ರಂದು, ದಸರೆ ಸಮಯದಲ್ಲಿ, ಸಂಸ್ಥಾನದ ಮೂಲೆಮೂಲೆಗಳಿಂದ 144 ಜನರನ್ನು ಮೈಸೂರಿಗೆ ಕರೆಸಿ, ರಾಜ್ಯದ ಆದಾಯ ವೆಚ್ಚವನ್ನು ಅವರ ಮುಂದಿಟ್ಟರು. ಅದೇ ಪ್ರಜಾಪ್ರತಿನಿಧಿ ಸಭೆ. ಬಂದವರು ಹೆಚ್ಚಾಗಿ ಜಮೀನ್ದಾರರು, ವರ್ತಕರು. ಜನ ಆರಿಸಿದವರಲ್ಲ. ಚುನಾವಣೆ ಶುರುವಾದದ್ದು 1891ರಲ್ಲಿ. ಕಾನೂನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಇದೇನು ಮಹಾ ಸಭೆ ಅಂತ ನನ್ನ ಗೆಳೆಯ ನಗುತ್ತಾನೆ. ಅವನ ಮಾತೂ ನಿಜವೇ. ಆದರೂ ಲೆಕ್ಕ ಕೇಳುವ ಹಕ್ಕೇ ಇಲ್ಲದವರನ್ನು ಕರೆದು ಕೂರಿಸಿ ಲೆಕ್ಕ ಹೇಳುವುದು ಸಣ್ಣ ಮಾತಲ್ಲ.

ಇನ್ನೊಂದೇ ಸಭೆ ನಡೆಸಿದರು, 1882ರಲ್ಲಿ. ಮೂರನೆಯದು ನೋಡಲಿಲ್ಲ. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಅವರು ಹಚ್ಚಿದ ದೀಪವನ್ನು ಮುಂದಿನ ದಿವಾನರಾದ ಶೇಷಾದ್ರಿ ಅಯ್ಯರ್ ಆರಲು ಬಿಡಲಿಲ್ಲ.

ಮಿತ್ರರೇ, ಕೊನೆಗೆ ನನ್ನ ಒಂದು ತಪ್ಪೊಪ್ಪಿಗೆ. ಕಳೆದ ವರ್ಷ ನಮ್ಮ ಸಂಘದ ಖಜಾಂಚಿ ನಾನೇ ಅಲ್ವಾ? ಲೆಕ್ಕ ಯಾರೂ ಕೇಳಲಿಲ್ಲ, ಕೇಳಲಿಲ್ಲವಲ್ಲ ಅಂತ ನಾನೂ ಹೇಳಲಿಲ್ಲ. ದುಡ್ಡು ತಿಂದಿಲ್ಲ, ಆದರೆ ಮೂವತ್ತೆರಡು ರೂಪಾಯಿ ತಾಳೆಯಾಗುತ್ತಿಲ್ಲ. ಮುಂದಿನ ಸಭೆಯಲ್ಲಿ ಎಲ್ಲವನ್ನೂ ಓದುತ್ತೇನೆ. ಮೊದಲ ವರ್ಷದವರೂ ತಪ್ಪದೆ ಬನ್ನಿ.