ಕಣ್ಣಿಗೆ ಕಾಣದ ರಕ್ತನಾಳಗಳನ್ನು ಕಂಡ ಮಾಲ್ಪಿಘಿ

ಇಟಲಿಯ ಬೊಲೊನ್ಯಾ ನಗರದ ಸಮೀಪ ಕ್ರೆವಲ್ಕೋರೆ ಎಂಬ ಊರಿದೆ. 1628ರ ಮಾರ್ಚ್ 10ರಂದು ಅಲ್ಲಿ ಮಾರ್ಚೆಲ್ಲೊ ಮಾಲ್ಪಿಘಿ ಜನಿಸಿದರು. ಅದೇ ವರ್ಷ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯವರ ಗ್ರಂಥವೊಂದು ಪ್ರಕಟವಾಯಿತು. ಆಹಾರದಿಂದ ಯಕೃತ್ತಿನಲ್ಲಿ ತಯಾರಾದ ರಕ್ತ ಮೈಯೆಲ್ಲ ಹರಿದು ಅಲ್ಲಲ್ಲೇ ಇಂಗಿಹೋಗುತ್ತದೆ ಎಂಬುದು ಗ್ರೀಕ್ ವೈದ್ಯ ಗೇಲನ್‌ರ ಕಾಲದಿಂದ ಬಂದ ನಂಬಿಕೆ. ಹಾರ್ವೆ ಲೆಕ್ಕ ಹಾಕಿ ನೋಡಿದರು. ಹೃದಯ ಅರ್ಧ ಗಂಟೆಯಲ್ಲಿ ಹೊರದೂಡುವ ರಕ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚು. ಅಷ್ಟನ್ನು ಹೊಸದಾಗಿ ತಯಾರಿಸಲು ಯಾವ ಊಟವೂ ಸಾಲದು. ಆದ್ದರಿಂದ ಅದೇ ರಕ್ತ ಅಪಧಮನಿಗಳಲ್ಲಿ ಹೊರಟು ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳುತ್ತಿರಬೇಕು.

ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದು ಹೇಗೆ? ಆ ದಾರಿ ಹಾರ್ವೆಯವರ ಕಣ್ಣಿಗೆ ಬೀಳಲಿಲ್ಲ. 1657ರಲ್ಲಿ ಅವರು ತೀರಿಕೊಂಡಾಗಲೂ ಪ್ರಶ್ನೆ ಹಾಗೆಯೇ ಉಳಿದಿತ್ತು.

ಮಾಲ್ಪಿಘಿಯವರ ಯೌವನ ಸುಖದ್ದಲ್ಲ. ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1649ರಲ್ಲಿ, ತಂದೆ, ತಾಯಿ, ಅಜ್ಜಿ ಮೂವರೂ ತೀರಿಕೊಂಡರು. ಅವರು ಓದು ನಿಲ್ಲಿಸಿ ಮನೆಯ ಹೊಣೆ ಹೊತ್ತರು. ಮತ್ತೆ ಓದಿಗೆ ಮರಳಿ 1653ರಲ್ಲಿ ವೈದ್ಯ ಪದವಿ ಪಡೆದರು. 1656ರಲ್ಲಿ ಪೀಸಾ ನಗರದಲ್ಲಿ ಪ್ರಾಧ್ಯಾಪಕರಾದಾಗ ಗಣಿತಜ್ಞ ಬೊರೆಲ್ಲಿಯವರ ಸ್ನೇಹ ದೊರೆಯಿತು. ಮೂರು ವರ್ಷಗಳ ನಂತರ ಬೊಲೊನ್ಯಾಕ್ಕೆ ಹಿಂದಿರುಗಿದರು.

ಆಗಿನ್ನೂ ಹೊಸದಾಗಿದ್ದ ಸೂಕ್ಷ್ಮದರ್ಶಕವನ್ನು ಅವರು ಶ್ವಾಸಕೋಶದ ಕಡೆಗೆ ತಿರುಗಿಸಿದರು. ದೊಡ್ಡ ಪ್ರಾಣಿಗಳ ಶ್ವಾಸಕೋಶ ದಪ್ಪ, ಒಳಗೇನೂ ಸ್ಪಷ್ಟವಾಗದು. ಕಪ್ಪೆಯದು ತೆಳು, ಬೆಳಕು ಹಾಯುವಂಥದ್ದು. ಅದನ್ನು ಒಣಗಿಸಿ ಬೆಳಕಿಗೆ ಹಿಡಿದಾಗ, ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಅತಿ ಸಣ್ಣ ನಾಳಗಳ ಬಲೆ ಅವರಿಗೆ ಕಂಡಿತು. ರಕ್ತ ಎಲ್ಲಿಯೂ ಹೊರಗೆ ಚೆಲ್ಲದೆ ನಾಳಗಳ ಒಳಗೇ ಸಾಗುತ್ತಿತ್ತು. 1661ರಲ್ಲಿ ಬೊರೆಲ್ಲಿಯವರಿಗೆ ಬರೆದ ಎರಡು ಪತ್ರಗಳಲ್ಲಿ ಈ ಸಂಶೋಧನೆಯನ್ನು ಪ್ರಕಟಿಸಿದರು. ಹಾರ್ವೆಯವರ ಲೆಕ್ಕಕ್ಕೆ ಕಣ್ಣಾರೆ ಕಂಡ ಸಾಕ್ಷಿ ದೊರೆಯಿತು.

ಈ ನಾಳಗಳನ್ನು ಇಂದು ಲೋಮನಾಳಗಳು ಎನ್ನುತ್ತೇವೆ. ಲೋಮವೆಂದರೆ ಕೂದಲು, ನಿಜಕ್ಕೂ ಇವು ಕೂದಲಿಗಿಂತ ಎಷ್ಟೋ ಸಣ್ಣ. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ ನುಸುಳಬೇಕು. ವಿಶ್ರಾಂತಿಯಲ್ಲಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ಆಮ್ಲಜನಕ ಮತ್ತು ಪೋಷಕಾಂಶಗಳು ಜೀವಕೋಶಗಳಿಗೆ ಸೇರುವುದು, ಇಂಗಾಲದ ಡೈಆಕ್ಸೈಡ್ ರಕ್ತಕ್ಕೆ ಬರುವುದು ಈ ನಾಳಗಳ ತೆಳು ಗೋಡೆಯ ಮೂಲಕವೇ. ದೊಡ್ಡ ನಾಳಗಳು ಬರೀ ದಾರಿ. ರಕ್ತದ ನಿಜವಾದ ಕೆಲಸ ನಡೆಯುವುದು ಇಲ್ಲಿ.

ಹಳೆಯ ವೈದ್ಯವನ್ನೇ ಹಿಡಿದಿದ್ದ ಸಹೋದ್ಯೋಗಿಗಳು ಮಾಲ್ಪಿಘಿಯವರನ್ನು ವರ್ಷಗಟ್ಟಲೆ ವಿರೋಧಿಸಿದರು. 1684ರಲ್ಲಿ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಬರಹಗಳೂ ಹಾಳಾದವು. ಆದರೂ ಕೆಲಸ ಬಿಡಲಿಲ್ಲ. 1691ರಲ್ಲಿ ಜಗದ್ಗುರು 12ನೇ ಇನೊಸೆಂಟ್‌ರವರು ಅವರನ್ನು ರೋಮಿಗೆ ಕರೆಸಿ ತಮ್ಮ ವೈದ್ಯರನ್ನಾಗಿ ನೇಮಿಸಿಕೊಂಡರು. 1694ರ ನವೆಂಬರಿನಲ್ಲಿ, ತಮ್ಮ 66ನೇ ವಯಸ್ಸಿನಲ್ಲಿ, ಮಾಲ್ಪಿಘಿ ಅಲ್ಲಿಯೇ ಪಾರ್ಶ್ವವಾಯುವಿನಿಂದ ನಿಧನರಾದರು. ಶವಪರೀಕ್ಷೆ ಮಾಡಿದ ಶಿಷ್ಯ ಬಾಲ್ಯಿವಿಯವರಿಗೆ ಮೆದುಳಿನೊಳಗೆ ರಕ್ತಸ್ರಾವವಾಗಿದ್ದುದು ಕಂಡಿತು. ರಕ್ತನಾಳಗಳಿಗಾಗಿ ಬಾಳು ಸವೆಸಿದವರ ಪ್ರಾಣ ಹೋದದ್ದು ರಕ್ತನಾಳವೊಂದು ಒಡೆದು. ಬೊಲೊನ್ಯಾದ ಸಂತ ಗ್ರೆಗೋರಿ ಮತ್ತು ಸಂತ ಸಿರೊ ದೇವಾಲಯದಲ್ಲಿ ಅವರ ಸಮಾಧಿಯಿದೆ.

ಆ ಕಾಲದ ವೈದ್ಯರ ಕೈಯಲ್ಲಿ ಅವರನ್ನು ಉಳಿಸುವ ಔಷಧಿ ಇರಲಿಲ್ಲ. ನಮ್ಮ ಸ್ಥಿತಿ ಬೇರೆ. ರಕ್ತದ ಒತ್ತಡ ಮತ್ತು ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕೆಡಿಸುವುದು ಕಣ್ಣು ಮತ್ತು ಮೂತ್ರಪಿಂಡದ ಇವೇ ಸಣ್ಣ ನಾಳಗಳನ್ನು. ಮನೆಯ ಹಿರಿಯರನ್ನು ಕಾಲಕಾಲಕ್ಕೆ ಪರೀಕ್ಷೆಗೆ ಕರೆದೊಯ್ದರೆ ಎಷ್ಟೋ ಹಾನಿ ತಪ್ಪುತ್ತದೆ. ಕಣ್ಣಿಗೆ ಕಾಣದ್ದನ್ನು ಮಾಲ್ಪಿಘಿ ಕಂಡು ತೋರಿಸಿದ್ದಾರೆ. ಅದನ್ನು ಕಾಪಾಡಿಕೊಳ್ಳುವುದು ನಮಗೆ ಬಿಟ್ಟದ್ದು.