ಡಿಗ್ರಿ ಇಲ್ಲದ ಎಂಜಿನಿಯರ್: ಗುಬ್ಬಿ ವೀರಣ್ಣ

ಕಳೆದ ಬೇಸಿಗೆಯಲ್ಲಿ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಇತ್ತು. ನಮ್ಮೂರು ಅಂದರೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣವಲ್ಲ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ನಮ್ಮ ಚಿಕ್ಕಪ್ಪನದು ದುರ್ಯೋಧನನ ಪಾತ್ರ. ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು, ಮಾತು ಕಲಿತಿದ್ದರು. ಮನೆಯಲ್ಲಿ ಬಿ.ಇ. ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಇದ್ದಾನಲ್ಲ ಅಂತ ಲೈಟಿಂಗ್ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಾನೂ ಹುರುಪಿನಿಂದ ಒಂದು ಬೋರ್ಡ್ ತಯಾರಿಸಿದೆ. ಮೊಬೈಲ್‌ನಲ್ಲಿ ಒತ್ತಿದರೆ ಸಾಕು, ವೇದಿಕೆಯ ದೀಪ ಕೆಂಪು, ನೀಲಿ, ಹಳದಿ ಆಗಬೇಕು. ಕೃಷ್ಣ ವಿಶ್ವರೂಪ ತೋರಿಸುವಾಗ ಊರೇ ಬೆರಗಾಗಬೇಕು ಎಂಬುದು ನನ್ನ ಆಸೆ.

ರಾತ್ರಿ ಎರಡು ಗಂಟೆಗೆ ವಿಶ್ವರೂಪದ ಸೀನು ಹತ್ತಿರ ಬಂತು. ಎಲ್ಲ ದೀಪಗಳನ್ನೂ ಒಟ್ಟಿಗೆ ಹಚ್ಚಿದೆ. ಜನರೇಟರ್ ವೋಲ್ಟೇಜ್ ಕುಸಿದು ನನ್ನ ಬೋರ್ಡ್ ರೀಸೆಟ್ ಆಯಿತು. ಮತ್ತೆ ಹಚ್ಚಿದೆ, ಮತ್ತೆ ರೀಸೆಟ್. ನನ್ನ ಕೈಕಾಲು ನಡುಗುತ್ತಿತ್ತು. ಸೀನರಿ ತಂದಿದ್ದ ಹಿರಿಯರೊಬ್ಬರು ಮಾತ್ರ ಗಾಬರಿಯಾಗಲಿಲ್ಲ. ಹಗ್ಗ ಸಡಿಲಿಸಿ ಮುಂದಿನ ಬೀದಿ ಪರದೆ ಇಳಿಸಿದರು, ಹಾಸ್ಯದ ಇಬ್ಬರನ್ನು ಅದರ ಮುಂದಕ್ಕೆ ತಳ್ಳಿದರು. ಜನ ನಗುತ್ತಿದ್ದ ಆ ಹತ್ತು ನಿಮಿಷದಲ್ಲಿ ಪರದೆ ಹಿಂದೆ ವೈರು ಬದಲಾಯಿತು, ಫೋಕಸ್ ಲೈಟಿನ ಮುಂದೆ ಬಣ್ಣದ ಕಾಗದ ಬಂತು. ವಿಶ್ವರೂಪ ನಡೆದೇ ಹೋಯಿತು. ಒಳಗೆ ಏನೋ ಕೆಟ್ಟಿತ್ತು ಎಂದು ಜನರಿಗೆ ಗೊತ್ತೇ ಆಗಲಿಲ್ಲ.

ಬೆಳಿಗ್ಗೆ ಪರದೆ ಸುತ್ತುವಾಗ ಈ ಉಪಾಯ ಎಲ್ಲಿ ಕಲಿತಿರಿ ಎಂದು ಅವರನ್ನು ಕೇಳಿದೆ. ಇದು ಕಂಪನಿ ನಾಟಕದ ಕಾಲದ್ದು, ಗುಬ್ಬಿ ಕಂಪನಿಯ ಕಾಲದ್ದು ಎಂದರು. ಗುಬ್ಬಿ ವೀರಣ್ಣ ಎಂಬ ಹೆಸರು ನನಗೆ ಅಲ್ಲಿಯವರೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಮಾತ್ರ ಆಗಿತ್ತು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಗುಬ್ಬಿ, ತುಮಕೂರು ಜಿಲ್ಲೆಯ ಒಂದು ಪೇಟೆ. ಅಲ್ಲಿ 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಸೇರಿ ಒಂದು ನಾಟಕ ಮಂಡಳಿ ಕಟ್ಟಿದರು. ಊರ ದೇವರು ಚನ್ನಬಸವೇಶ್ವರನ ಹೆಸರನ್ನೇ ಅದಕ್ಕೆ ಇಟ್ಟರು. ವೀರಣ್ಣ ಹುಟ್ಟಿದ್ದು 1891ರಲ್ಲಿ. ಆರೇಳು ವರ್ಷಕ್ಕೇ ಆ ಕಂಪನಿ ಸೇರಿದ ಹುಡುಗ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಬಾಲಕನ ಪಾತ್ರಗಳಿಂದ ಶುರು ಮಾಡಿ ಮೇಲೆ ಬಂದರು. ಬೆಳೆದ ಮೇಲೆ ಅವರ ಕೈಹಿಡಿದದ್ದು ಹಾಸ್ಯ. ಸದಾರಮೆ ನಾಟಕದಲ್ಲಿ ಕಳ್ಳನ ಪಾತ್ರಕ್ಕೆ ಅವರು ಎಷ್ಟು ಹೆಸರಾದರೆಂದರೆ, ಜನ ನಾಯಕನಿಗಿಂತ ಕಳ್ಳನಿಗಾಗಿ ಟಿಕೆಟ್ ಕೊಳ್ಳುತ್ತಿದ್ದರು.

1917ರಲ್ಲಿ ಕಂಪನಿಯ ಮಾಲೀಕತ್ವ ಅವರ ಕೈಗೆ ಬಂತು. ಆಗ ಅವರಿಗೆ ಇಪ್ಪತ್ತಾರು ವರ್ಷ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಡಿಗ್ರಿ ಮುಗಿಸಿ ಎರಡನೇ ಕೆಲಸ ಹುಡುಕುವ ವಯಸ್ಸು. ಕೈಗೆ ಬಂದದ್ದು ಸಣ್ಣ ಹೊರೆಯಲ್ಲ. ನಟರು, ಹಾರ್ಮೋನಿಯಂನವರು, ತಬಲದವರು, ಪರದೆ ಬರೆಯುವವರು, ಬಡಗಿಗಳು, ದರ್ಜಿಗಳು, ಅಡುಗೆಯವರು, ಅವರ ಹೆಂಡತಿ ಮಕ್ಕಳು. ಒಂದೂರಲ್ಲಿ ಕ್ಯಾಂಪ್ ಮುಗಿದರೆ ಇಡೀ ಸಂಸಾರ ಮುಂದಿನ ಊರಿಗೆ ಹೊರಡಬೇಕು. ಮಳೆ ಬಂದರೆ ಕಲೆಕ್ಷನ್ ಇಲ್ಲ, ಆದರೂ ಒಲೆ ಉರಿಯಲೇಬೇಕು.

ಈಗ ಆ ಬೀದಿ ಪರದೆಗೆ ಬರೋಣ. ಕಂಪನಿ ನಾಟಕಗಳ ರಂಗಸಜ್ಜಿಕೆ ಮುಂಬಯಿಯ ಪಾರ್ಸಿ ನಾಟಕ ಮಂಡಳಿಗಳಿಂದ ದಕ್ಷಿಣಕ್ಕೆ ಬಂದದ್ದು. ಚಿತ್ರ ಬರೆದ ಪರದೆಗಳನ್ನು ಒಂದರ ಹಿಂದೆ ಒಂದರಂತೆ ನೇತುಹಾಕುತ್ತಾರೆ. ಮುಂದೆ ಬೀದಿ, ಅದರ ಹಿಂದೆ ಕಾಡು, ಎಲ್ಲಕ್ಕಿಂತ ಹಿಂದೆ ಅರಮನೆ. ದೊಡ್ಡ ದೃಶ್ಯ ಮುಗಿದ ಕೂಡಲೇ ಬೀದಿ ಪರದೆ ಇಳಿಯುತ್ತದೆ. ಅದರ ಮುಂದಿನ ನಾಲ್ಕಡಿ ಜಾಗದಲ್ಲಿ ಹಾಸ್ಯ ನಡೆಯುತ್ತದೆ, ಹಿಂದೆ ಸದ್ದಿಲ್ಲದೆ ಮುಂದಿನ ದೃಶ್ಯ ಸಿದ್ಧವಾಗುತ್ತದೆ. ನಮ್ಮ ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠದಲ್ಲಿ ಇದಕ್ಕೆ ಪೈಪ್‌ಲೈನ್ ಎನ್ನುತ್ತಾರೆ. ಒಂದು ಕೆಲಸ ನಡೆಯುತ್ತಿರುವಾಗಲೇ ಮುಂದಿನದರ ತಯಾರಿ ಸಾಗುತ್ತಿರಬೇಕು, ಯಾವ ಭಾಗವೂ ಸುಮ್ಮನೆ ಕೂರಬಾರದು.

ಈ ವ್ಯವಸ್ಥೆಯನ್ನು ಕಂಡುಹಿಡಿದವರು ವೀರಣ್ಣ ಅಲ್ಲ. ಆದರೆ ಅವರ ಜಾಗ ಎಲ್ಲಿತ್ತು ನೋಡಿ. ಪರದೆ ಮುಂದೆ ನಿಂತು ನಗಿಸುವ ಹಾಸ್ಯಗಾರ ಅವರೇ, ಪರದೆ ಹಿಂದೆ ದುಡಿಯುವವರ ಯಜಮಾನರೂ ಅವರೇ, ಗಲ್ಲಾಪೆಟ್ಟಿಗೆಯ ಲೆಕ್ಕ ಕೇಳುವವರೂ ಅವರೇ. ಹಿಂದೆ ಸೆಟ್ ತಡವಾದರೆ ಮುಂದೆ ಎಷ್ಟು ಹೊತ್ತು ಎಳೆಯಬೇಕು, ಎಷ್ಟು ಎಳೆದರೆ ಜನ ಗೊಣಗುತ್ತಾರೆ ಎಂಬುದು ಅಂಥವರಿಗೆ ಗೊತ್ತಿರದಿದ್ದರೆ ಇನ್ಯಾರಿಗೆ ಗೊತ್ತಿರುತ್ತದೆ? ಕಲೆ, ವ್ಯಾಪಾರ, ಯಂತ್ರ ಈ ಮೂರಕ್ಕೂ ನಾವು ಇವತ್ತು ಮೂರು ಡಿಪಾರ್ಟ್‌ಮೆಂಟ್ ಮಾಡಿದ್ದೇವೆ. ಅವರಿಗೆ ಅದು ಒಂದೇ ರಾತ್ರಿಯ ಒಂದೇ ಕೆಲಸ.

ಅವರು ಬದಲಿಸಿದ್ದನ್ನೆಲ್ಲ ಹೀಗೆ ನೋಡಿದರೆ ಅರ್ಥವಾಗುತ್ತದೆ. ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಕಂಪನಿಗೆ ನಟಿಯರನ್ನು ಕರೆತಂದರು. ಬಿ. ಜಯಮ್ಮ ಅವರಂಥ ಕಲಾವಿದೆ ಬೆಳೆದದ್ದು ಅಲ್ಲೇ. ನಾಟಕ ಹೆಚ್ಚು ಸಹಜವಾಯಿತು, ನೋಡಲು ಬರುವವರೂ ಹೆಚ್ಚಾದರು. ಮಕ್ಕಳದೇ ಒಂದು ಪ್ರತ್ಯೇಕ ಕಂಪನಿ ಕಟ್ಟಿದರು. ಅದು ಟಿಕೆಟ್ ತರುವ ಆಕರ್ಷಣೆಯೂ ಹೌದು, ಮುಂದಿನ ತಲೆಮಾರಿನ ನಟರನ್ನು ತಯಾರು ಮಾಡುವ ಶಾಲೆಯೂ ಹೌದು. ಕನ್ನಡ ನಾಡಿಗಷ್ಟೇ ನಿಲ್ಲದೆ ಆಂಧ್ರ, ಮದ್ರಾಸ್ ಕಡೆಗೂ ಹೋಗಿ ತೆಲುಗು, ತಮಿಳಿನಲ್ಲೂ ನಾಟಕ ಆಡಿಸಿದರು. ಪರದೆ, ಪೋಷಾಕು ಕಂಪನಿಯವೇ, ಮಾತು ಮಾತ್ರ ಆ ಊರಿನದು. ಹೂಡಿದ ಬಂಡವಾಳಕ್ಕೆ ಹೊಸ ಮಾರುಕಟ್ಟೆ ಸಿಕ್ಕಿತು.

ಇನ್ನು 1934ನೇ ಇಸವಿ. ಮೊದಲ ಕನ್ನಡ ಟಾಕಿ ಸತಿ ಸುಲೋಚನ ತೆರೆಕಂಡದ್ದು ಆ ವರ್ಷವೇ. ಪರದೆಯ ಮೇಲಿನ ಬೊಂಬೆ ಕನ್ನಡ ಮಾತಾಡತೊಡಗಿತ್ತು. ನಾಟಕ ಕಂಪನಿಯವರ ಅನ್ನಕ್ಕೆ ಅದು ನೇರ ಪೆಟ್ಟು. ಅದೇ ವರ್ಷ ಗುಬ್ಬಿ ಕಂಪನಿ ಕುರುಕ್ಷೇತ್ರ ನಾಟಕವನ್ನು ರಂಗಕ್ಕೆ ತಂದಿತು. ಅದರಲ್ಲಿ ಜೀವಂತ ಆನೆ, ಕುದುರೆಗಳು ವೇದಿಕೆ ಹತ್ತಿದವು.

ಇದನ್ನು ಓದಿದ ದಿನ ನಾನು ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ದೊಡ್ಡ ಆನೆ ಮೂರೂವರೆಯಿಂದ ನಾಲ್ಕು ಟನ್ ತೂಗುತ್ತದೆ. ನಡೆಯುವಾಗ ಕಾಲು ಎತ್ತುತ್ತದಲ್ಲ, ಆಗ ನೆಲದ ಮೇಲಿರುವ ಒಂದೊಂದು ಕಾಲಿಗೂ ಒಂದು ಟನ್‌ಗಿಂತ ಹೆಚ್ಚು ಭಾರ ಬೀಳುತ್ತದೆ. ಅದೂ ನಿಂತ ಭಾರವಲ್ಲ, ಚಲಿಸುವ ಭಾರ. ನಮ್ಮೂರಿನ ನಾಟಕಕ್ಕೆ ಹಾಕುವ ಹಲಗೆ ವೇದಿಕೆ ಒಂದು ಹೆಜ್ಜೆಗೇ ಮುರಿದು ಬೀಳುತ್ತದೆ. ಆನೆ ಒಳಗೆ ಬರುವ ದಾರಿ ಎಷ್ಟು ಅಗಲ ಇರಬೇಕು, ತಿರುಗಲು ಎಷ್ಟು ಜಾಗ ಬೇಕು, ಶಂಖದ ಸದ್ದಿಗೆ, ಕಣ್ಣಿಗೆ ಹೊಡೆಯುವ ಬೆಳಕಿಗೆ ಅದು ಬೆದರದಂತೆ ಎಷ್ಟು ದಿನ ಅಭ್ಯಾಸ ಕೊಡಬೇಕು? ದಿನವೂ ಅದರ ಮೇವಿನ ಖರ್ಚು ಯಾವ ಬಾಬ್ತಿಗೆ? ಮುಂದಿನ ಸಾಲಿನ ಪ್ರೇಕ್ಷಕರ ಸುರಕ್ಷತೆ ಯಾರ ಹೊಣೆ? ಒಂದು ಸಿವಿಲ್ ಪ್ರಾಜೆಕ್ಟ್‌ನಲ್ಲಿ ಬರುವ ಪ್ರಶ್ನೆಗಳೆಲ್ಲ ಇಲ್ಲಿವೆ. ಉತ್ತರ ತಪ್ಪಿದರೆ ಅಂಕ ಹೋಗುವುದಿಲ್ಲ, ಜೀವ ಹೋಗುತ್ತದೆ.

ಅದರ ಹಿಂದಿನ ವ್ಯಾಪಾರದ ಯೋಚನೆಯೂ ಸಣ್ಣದಲ್ಲ ಅನ್ನಿಸುತ್ತದೆ. ಸಿನಿಮಾದಲ್ಲಿ ಆನೆ ಕಾಣಬಹುದು, ಆದರೆ ಕಾಣುವುದು ಅದರ ನೆರಳು ಮಾತ್ರ. ಹತ್ತು ಮಾರು ದೂರದಲ್ಲಿ ನಿಜವಾದ ಆನೆ ಉಸಿರಾಡುತ್ತಾ ನಿಲ್ಲುವುದು ನಾಟಕದಲ್ಲಿ ಮಾತ್ರ ಸಾಧ್ಯ. ಎದುರಾಳಿಗೆ ಆಗದ ಕೆಲಸವನ್ನೇ ಆರಿಸಿಕೊಂಡಂತಾಯಿತು. ಆಮೇಲೆ ಬಂದ ದಶಾವತಾರದಂಥ ನಾಟಕಗಳಲ್ಲೂ ಟ್ರಿಕ್ ಸೀನುಗಳು, ಬೆಳಕಿನ ಚಮತ್ಕಾರ ಗುಬ್ಬಿ ಕಂಪನಿಯ ಗುರುತೇ ಆದವು.

ಹಾಗಂತ ಸಿನಿಮಾವನ್ನು ಅವರು ಶತ್ರು ಎಂದು ದೂರ ಇಡಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲೇ ಬೆಂಗಳೂರಿನಲ್ಲಿ ಚಿತ್ರ ತಯಾರಿಕೆಗೆ ಕೈಹಾಕಿದ್ದರು. ಅದರಿಂದ ಲಾಭ ಕಾಣಲಿಲ್ಲ. ಆದರೂ ಬಿಡಲಿಲ್ಲ. 1935ರ ಸದಾರಮೆ ಚಿತ್ರದಲ್ಲಿ ನಟಿಸಿದರು, 1942ರಲ್ಲಿ ಜೀವನ ನಾಟಕ, 1945ರಲ್ಲಿ ಹೇಮರೆಡ್ಡಿ ಮಲ್ಲಮ್ಮ ಬಂದವು. 1954ರಲ್ಲಿ ಅವರ ಸಂಸ್ಥೆಯೂ ಸೇರಿ ತಯಾರಾದ ಬೇಡರ ಕಣ್ಣಪ್ಪ, ಮುತ್ತುರಾಜ್ ಎಂಬ ಯುವಕನನ್ನು ರಾಜ್‌ಕುಮಾರ್ ಮಾಡಿತು. ಆ ಯುವಕ ಹೊಸಬನೇನಲ್ಲ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು, ಮಗನೂ ಅಲ್ಲೇ ಆಡಿ ಬೆಳೆದವರು.

ಕೆಲಸ ಹುಡುಕುತ್ತಿರುವ ನಮ್ಮಂಥವರು ಗಮನಿಸಬೇಕಾದದ್ದು ಇಲ್ಲಿದೆ. ನಮ್ಮೂರಿನ ಕುರುಕ್ಷೇತ್ರದಲ್ಲಿ ಪಾತ್ರ ಬೇಕಾದರೆ ನಾವೇ ದುಡ್ಡು ಕೊಡಬೇಕು. ದುರ್ಯೋಧನನಾಗಲು ಚಿಕ್ಕಪ್ಪ ಕೊಟ್ಟದ್ದು ನನ್ನ ಒಂದು ಸೆಮಿಸ್ಟರಿನ ಬಸ್ ಪಾಸಿಗಿಂತ ಎಷ್ಟೋ ಹೆಚ್ಚು. ಕಂಪನಿಯಲ್ಲಿ ಹಾಗಲ್ಲ, ಕಲಾವಿದರಿಗೆ ಸಂಬಳ, ಎಲ್ಲರಿಗೂ ಸೇರಿ ಒಂದೇ ಅಡುಗೆ. ಬಂದ ಹುಡುಗನ ಕೈಯಲ್ಲಿ ಸರ್ಟಿಫಿಕೇಟ್ ಇದೆಯೇ ಎಂದು ಕೇಳುವವರಿರಲಿಲ್ಲ. ಹಗ್ಗ ಎಳೆಯುವುದು, ಬಣ್ಣ ಕಲಸುವುದು, ಕೋರಸ್ ಹಾಡುವುದು ಹೀಗೆ ಕೈಗೆ ಸಿಕ್ಕಿದ ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಆ ಕಂಪನಿಯ ಅನ್ನ ಉಂಡವರು. ಮನೆ ಬಿಟ್ಟು ಬಂದು ಸೇರಿದ್ದ ಬಿ.ವಿ. ಕಾರಂತ ಎಂಬ ಹುಡುಗನನ್ನು ವೀರಣ್ಣ ಓದಲು ಬನಾರಸ್‌ಗೆ ಕಳಿಸಿದರು. ಕಂಪನಿಗೆ ಅದರಿಂದ ನೇರ ಲಾಭ ಏನೂ ಇರಲಿಲ್ಲ. ಅದೇ ಹುಡುಗ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು.

ಎಲ್ಲವೂ ಹೊಗಳಿಕೆಯ ಕಥೆಯೇನಲ್ಲ. ಅದೇ ಕಾಲದಲ್ಲಿ ಟಿ.ಪಿ. ಕೈಲಾಸಂ ಬರೆದ ನಾಟಕಗಳಿಗೆ ಆನೆಯೂ ಬೇಡ, ಅರಮನೆಯೂ ಬೇಡ, ಮನೆಯ ಒಂದು ಕೋಣೆ ಸಾಕು. ಹವ್ಯಾಸಿ ರಂಗಭೂಮಿಯವರಿಗೆ ಕಂಪನಿಗಳ ಝಗಮಗ ಅತಿಯಾಗಿ ಕಂಡಿತ್ತು. ಅದರಲ್ಲಿ ಸತ್ಯವೂ ಇದೆ. ಯಂತ್ರ, ಬೆಳಕು ಹೆಚ್ಚಾದಷ್ಟೂ ಖರ್ಚು ಏರುತ್ತದೆ, ಜನ ಪ್ರತಿ ಸಲ ಹಿಂದಿನದಕ್ಕಿಂತ ದೊಡ್ಡದನ್ನು ಕೇಳುತ್ತಾರೆ. ಚಿತ್ರಮಂದಿರಗಳು ಊರೂರಿಗೆ ಬಂದ ಮೇಲೆ ಒಂದು ರೀಲು ಸಾಗಿಸುವ ಖರ್ಚಿಗೂ ನೂರಾರು ಜನರ ಕಂಪನಿ ಸಾಗಿಸುವ ಖರ್ಚಿಗೂ ಸಾಟಿಯೇ ಇರಲಿಲ್ಲ. ವೃತ್ತಿ ನಾಟಕ ಕಂಪನಿಗಳು ಒಂದೊಂದಾಗಿ ಸೊರಗಿದವು. ಯಜಮಾನನ ತಲೆಯಲ್ಲಿರುವ ಲೆಕ್ಕ ಅವರ ಜೊತೆಗೇ ಹೋಗುತ್ತದೆ ಎಂಬುದೂ ನಾವು ಕಲಿಯಬೇಕಾದ ಪಾಠವೇ.

ಗೌರವಗಳು ಬಂದವು. ಮೈಸೂರು ಅರಮನೆ ನಾಟಕರತ್ನ ಎಂದು ಕರೆಯಿತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಇಂದು ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರ ಇದೆ, ರಂಗಭೂಮಿಯವರಿಗೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ಕಲೆಯೇ ಕಾಯಕ. ಕಲೆಯನ್ನು ಸಾಧನೆ ಎನ್ನದೆ ಕಾಯಕ ಎಂದರು. ಕಾಯಕ ಎಂದ ಮೇಲೆ ಹಗ್ಗವೂ ಅದರಲ್ಲಿ ಸೇರಿತು, ಲೆಕ್ಕದ ಪುಸ್ತಕವೂ ಸೇರಿತು.

ನನ್ನ ಬೋರ್ಡ್ ಯಾಕೆ ಕೆಟ್ಟಿತು ಎಂದು ಈಗ ಗೊತ್ತು. ಸರ್ಕ್ಯೂಟ್ ಸರಿಯಾಗಿಯೇ ಇತ್ತು. ಆದರೆ ಜನರೇಟರ್ ಎಷ್ಟು ಲೋಡ್ ತಡೆಯುತ್ತದೆ ಎಂದು ಅದನ್ನು ತಂದವರನ್ನು ನಾನು ಕೇಳಿರಲಿಲ್ಲ. ಯಾವ ಸೀನಿನ ನಂತರ ಯಾವ ಪರದೆ ಎಂದು ಸೀನರಿಯವರನ್ನೂ ಕೇಳಿರಲಿಲ್ಲ. ವಿಶ್ವರೂಪದ ಹಾಡು ಎಷ್ಟು ಹೊತ್ತು ನಡೆಯುತ್ತದೆ ಎಂದು ಮೇಷ್ಟ್ರನ್ನೂ ಕೇಳಲಿಲ್ಲ. ನನ್ನ ಕೆಲಸ ನನ್ನದು, ಅವರದು ಅವರದು ಅಂದುಕೊಂಡಿದ್ದೆ.

ಬರುವ ಬೇಸಿಗೆಗೆ ಮತ್ತೆ ನಾಟಕ ಇದೆ. ಚಿಕ್ಕಪ್ಪ ಈ ಸಲ ಕರ್ಣ ಆಗುತ್ತಾರಂತೆ. ಲೈಟಿಂಗ್ ಮತ್ತೆ ನನಗೇ ಕೊಟ್ಟಿದ್ದಾರೆ. ಹೊಸ ಬೋರ್ಡ್ ಮಾಡುತ್ತಿದ್ದೇನೆ, ಈ ಸಲ ದೀಪಗಳು ಒಂದೊಂದಾಗಿ ಹತ್ತುತ್ತವೆ. ಅದಕ್ಕೂ ಮೊದಲು ಆ ಹಿರಿಯರ ಜೊತೆ ಪಕ್ಕದ ಊರುಗಳ ಎರಡು ನಾಟಕಕ್ಕೆ ಹೋಗಿ ಪರದೆಯ ಹಗ್ಗ ಹಿಡಿಯುವುದೆಂದು ಮಾತಾಗಿದೆ. ಸಂಬಳ ಇಲ್ಲ, ಊಟ ಇದೆ.

– ಬಿ.ಇ. ವಿದ್ಯಾರ್ಥಿ, ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು