ಬೆಳಗಾವಿ ಕಳೆದುಕೊಂಡ ಉದ್ಯಮಿ

ಉತ್ತರ ಕರ್ನಾಟಕದವರಿಗೆ ಉದ್ಯಮ ಸಾಹಸವಿಲ್ಲ ಎಂಬ ಮಾತನ್ನು ಬಾಗಲಕೋಟೆಯ ಸಭೆಗಳಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ. ಆಗೆಲ್ಲ ನೆನಪಾಗುವವರು ಲಕ್ಷ್ಮಣರಾವ್ ಕಿರ್ಲೋಸ್ಕರ.

ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ, ಅದಕ್ಕೂ ಮೊದಲು ಸವದತ್ತಿ ಸೀಮೆಯಲ್ಲಿ ಹರಿದುಬರುತ್ತದೆ. ಆ ಸೀಮೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಅವರು ಜನಿಸಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷ ಆ ದಾರಿಯನ್ನು ಮುಚ್ಚಿತು. ಯಂತ್ರಗಳ ನಕ್ಷೆ ಬರೆಯಲು ಕಲಿತು, ಅಲ್ಲಿನ ತಾಂತ್ರಿಕ ಸಂಸ್ಥೆಯೊಂದರಲ್ಲಿ ಅಧ್ಯಾಪಕರಾದರು. 1888ರಲ್ಲಿ ಅಣ್ಣನೊಡಗೂಡಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಆರಂಭಿಸಿದರು. ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು.

ಅದೇ ಕಾಲದ ಅಮೆರಿಕದಲ್ಲಿ ಹೆನ್ರಿ ಕ್ಲೇ ಫ್ರಿಕ್ ಪೆನ್ಸಿಲ್ವೇನಿಯಾದ ಕಲ್ಲಿದ್ದಲನ್ನು ಕೋಕ್ ಆಗಿಸಿ ಉಕ್ಕಿನ ಕಾರ್ಖಾನೆಗಳಿಗೆ ಮಾರಿ ಸಿರಿವಂತನಾದ. ಅವನ ಸರಕಿಗೆ ಗಿರಾಕಿ ಕಾದಿದ್ದ. ಲಕ್ಷ್ಮಣರಾಯರು ಗಿರಾಕಿಯನ್ನೇ ಸೃಷ್ಟಿಸಬೇಕಾಗಿತ್ತು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ನಂಬಿದ್ದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಹುನಗುಂದದ ಎರೆಹೊಲಗಳನ್ನು ಬಲ್ಲ ನನಗೆ ಆ ಅಂಜಿಕೆ ಕೇವಲ ಅಜ್ಞಾನವೆಂದು ತೋರುವುದಿಲ್ಲ. ಒಂದು ಮಳೆಯನ್ನು ನಂಬಿ ಬಾಳುವವನು ಹೊಲದ ಮೇಲೆ ಪ್ರಯೋಗಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಲಕ್ಷ್ಮಣರಾಯರು ಆ ಅಪನಂಬಿಕೆಯನ್ನು ತಾಳ್ಮೆಯಿಂದಲೇ ಗೆದ್ದರು.

ಆದರೆ ಊರನ್ನು ಗೆಲ್ಲಲಾಗಲಿಲ್ಲ. ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ತೆರವು ಮಾಡುವಂತೆ ಬೆಳಗಾವಿಯ ಪುರಸಭೆ ಸೂಚಿಸಿತು. ಆಗ ನೆರವಿಗೆ ಬಂದವರು ಔಂಧ್ ಎಂಬ ಪುಟ್ಟ ಸಂಸ್ಥಾನದ ಅರಸರು. ಅವರು ಜಮೀನನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಾರ್ಮಿಕರ ವಸತಿಯನ್ನೂ ಒಳಗೊಂಡ ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಇಂದು ಕಿರ್ಲೋಸ್ಕರವಾಡಿ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಸ್ಥಾಪನೆಯಾದದ್ದು ಮೈಸೂರು ಸಂಸ್ಥಾನದ ಹರಿಹರದಲ್ಲಿ.

ಬೆಳೆಯುತ್ತಿದ್ದ ಊರಿಗೆ ಬಡಾವಣೆ ಬೇಕಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಕಾರ್ಖಾನೆಗೂ ಅಲ್ಲಿಯೇ ಬೇರೊಂದು ನೆಲೆ ಒದಗಿಸುವ ದೂರದೃಷ್ಟಿ ಇರಬೇಕಾಗಿತ್ತು. ಹೊರಗಿನ ಬಂಡವಾಳವನ್ನು ಕೈಮುಗಿದು ಕರೆಯುವ ನಾವು, ಇಳಕಲ್ಲಿನ ಮಗ್ಗದ ಮನೆಯಲ್ಲೋ ಹುನಗುಂದದ ಕುಲುಮೆಯಲ್ಲೋ ಹೊಸದನ್ನು ಯೋಚಿಸುತ್ತಿರುವವನಿಗೆ ಎಷ್ಟು ಜಾಗ, ಎಷ್ಟು ಸಾಲ ಕೊಟ್ಟಿದ್ದೇವೆ? ಈ ನೆಲದಲ್ಲಿ ಸಾಹಸಿಗಳಿಗೆ ಕೊರತೆಯಿರಲಿಲ್ಲ. ಅವರನ್ನು ನಂಬಿ ಉಳಿಸಿಕೊಳ್ಳುವವರ ಕೊರತೆಯಿತ್ತು.